ಏಳು ಮುಖದ ಪೇಜು

ಬಿದಿರು ಮೆಳೆ ನಿಂತಲ್ಲೇ ಅಲ್ಲಾಡ್ತಿದೆ, ಇಷ್ಟೊತ್ತೂ ಹಿಂದಕ್ಕೆ ಓಡ್ತಿತ್ತು, ಅಂದರೆ ನಿಂತದ್ದು ಬಸ್ಸು, ಮತ್ತೆ ನಿಲ್ಲಿಸಿದನಾ ಪುಣ್ಯಾತ್ಮ, ಹಾಸನೂರಲ್ಲಿ ಆನೆ ದಾಟಲಿ ಅಂತ ಒಂದ್ಸಲ ನಿಲ್ಲಿಸಿದ, ದಾಟಿದ ಆನೆ ಎತ್ತ ಹೋಯ್ತು ಅಂತ ನೋಡೋಕೆ ಇನ್ನೊಂದ್ಸಲ, ಈಗ ದಿಂಬಂ, ಇನ್ನೇನು ಇಳಿಯೋದೊಂದೇ ಬಾಕಿ, ಇಪ್ಪತ್ತೇಳು ತಿರುವು ಇಳಿದರೆ ಸತ್ಯಮಂಗಲ, ಅಲ್ಲಿ ಬಸ್ಸು ಬದಲಾಯಿಸಿದರೆ ಕೊಯಮತ್ತೂರು, ಅಲ್ಲಿ ಇಂಟರ್ವ್ಯೂಗೆ ಬಾ ಅಂದ ಕಂಪನಿ, ಆ ಸರ್ರು — ಕಂಡಕ್ಟರ್ ತಗಡು ಬಡೀತಿದಾನೆ, ಎಲ್ಲಾರುಂ ಎರಂಗುಂಗ, ಕರುಂಬು ಲಾರಿ ಮಾಟ್ಟಿಕ್ಕಿಚ್ಚು, ಎಲ್ಲಾರೂ ಇಳೀಬೇಕಂತೆ, ಕಬ್ಬಿನ ಲಾರಿಯಂತೆ, ಕೆಳಗಡೆ ತಿರುವಲ್ಲಿ ಅಡ್ಡಡ್ಡ ಸಿಕ್ಕಿಕೊಂಡಿದೆಯಂತೆ, ಎಷ್ಟೊತ್ತಾಗುತ್ತಣ್ಣ ಅಂದರೆ ಕೈಯನ್ನ ಆಕಾಶಕ್ಕೆ ತೋರಿಸ್ತಾನೆ, ಹೋಗಲಿ, ತೋರಿಸಪ್ಪ, ನಿನಗೇನು, ಸಂಬಳ ಬರುತ್ತೆ. ನನಗೆ ಬರೋ ಹಾಗಿದ್ದರೆ ತಾನೆ. ಮೊದಲು ನಿಮ್ಮ ಪೇಜ್ ನೋಡ್ತೀವಿಮ್ಮ, ಮನಸ್ಸಿಗೆ ಬಂದರೆ ಒಳಗೆ ಕರೀತೀವಿ, ಇಲ್ಲ ಅಂದರೆ ಬಾಗಿಲಲ್ಲೇ ಹೇಳಿಬಿಡ್ತೀವಿ, ಬೇಜಾರು ಮಾಡ್ಕೋಬಾರದು ಅಂದಿದ್ದರು ಆ ಸರ್ರು ಫೋನಲ್ಲಿ, ತಮಿಳಿನಲ್ಲಿ ಎಷ್ಟು ಮರ್ಯಾದೆಯಾಗಿ ಅಂದರೂ ಬಾಗಿಲಲ್ಲೇ ಅನ್ನೋ ಮಾತು ಬಾಗಿಲಲ್ಲೇ ಅಂತಲೇ ಕೇಳಿಸುತ್ತೆ. ತೊಡೆ ಮೇಲೆ ಬುತ್ತಿ ಗಂಟು ಇನ್ನೂ ಬೆಚ್ಚಗಿದೆ, ಬಾಳೆ ಎಲೆ, ಮೇಲೆ ಪೇಪರ್, ಮೇಲೆ ದಾರ, ದಾರಕ್ಕೆಲ್ಲ ಹಳದಿ, ಅವ್ವನ ಬೆರಳಿಂದ ಅಂಟಿದ್ದು, ಬೆಳಿಗ್ಗೆ ಬಾಗಿಲ ಹಿಂದಿಂದ ಬರೀ ಕೈಯೊಂದೇ ಹೊರಗೆ ಬಂತು, ಮೊಣಕೈವರೆಗೆ, ಈ ಗಂಟು ಹಿಡಕೊಂಡು. ತಗೊಂಡೆ, ಬಂದೆ. ಹೊರಡುವಾಗ ತಿರುಗಿ ನೋಡಬಾರದಲ್ಲ.

ಟೀ ಅಂಗಡಿ ಮುಂದೆ ಅರ್ಧ ಬಸ್ಸು ಜನ ಆಗಲೇ ಗ್ಲಾಸು ಹಿಡಕೊಂಡು ನಿಂತಿದಾರೆ, ಲಾರಿ ಸಿಕ್ಕಿಕೊಂಡದ್ದು ಇವರಿಗೆ ಹಬ್ಬ, ಕಬ್ಬು ಸಿಗುತ್ತೇನೋ ಅಂತ ಇಬ್ಬರು ಕೆಳಗೆ ನಡಕೊಂಡೇ ಹೊರಟರು. ನನ್ನ ಪೇಜು ನೆಟ್ಟಿಗೆ ಏರಿತೋ ಇಲ್ಲವೋ, ಅದು ನನ್ನ ಚಿಂತೆ, ಇದನ್ನ ಯಾರ ಹತ್ತಿರ ಹೇಳಲಿ, ಪಕ್ಕದ ಸೀಟಿನ ಅಜ್ಜಿ ಕೇಳಿತ್ತು, ಏನೋದಿದ್ದೀಯ ಕೂಸು ಅಂತ, ವೆಬ್‌ಸೈಟ್ ಮಾಡೋದು ಅಜ್ಜಿ ಅಂದೆ, ಒಳ್ಳೇದಾಯ್ತು ಬುಡು, ನಮ್ಮ ಮೊಮ್ಮಗನೂ ಟೀವಿ ರಿಪೇರಿ ಮಾಡ್ತನ ಅಂತು. ಹೌದಜ್ಜಿ, ಹಾಗೇ. ಈರೋಡಲ್ಲಿ ಒಂದು ವರ್ಷ ಜೂನಿಯರ್ ಡೆವಲಪರ್ ಅಂತ ಕೂತಿದ್ದೆ, ಬೇರೆಯವರು ಬರೆದದ್ದಕ್ಕೆ ಬಣ್ಣ ಹಚ್ಚೋದು, ಬೇರೆಯವರು ಬಿಟ್ಟಿದ್ದನ್ನ ತುಂಬೋದು, ಆ ಕಂಪನಿ ಮುಚ್ಚಿಕೊಂಡು ಹೋಯ್ತು, ಆಮೇಲೆ ಹೋದ ಕಡೆಯೆಲ್ಲ ಒಂದೇ ಮಾತು, ನೀನೊಬ್ಬಳೇ ಮಾಡಿದ್ದು ಏನಿದೆ ತೋರಿಸು, ತೋರಿಸೋಕೆ ಏನೂ ಇಲ್ಲ. ಅದಕ್ಕೇ ಈ ಪೇಜು, ನನ್ನದೇ, ಮೊದಲನೇ ಅಕ್ಷರದಿಂದ ನಾನೇ ಬರೆದದ್ದು, ತಾಳವಾಡೀಲಿ ನಟರಾಜನ ಬ್ರೌಸಿಂಗ್ ಸೆಂಟರ್‌ನ ಮೂಲೆ ಕಂಪ್ಯೂಟರಲ್ಲಿ, ಒಂದು ಕಡೆ ಝೆರಾಕ್ಸು, ಒಂದು ಕಡೆ ಫ್ಲೆಕ್ಸ್ ಡಿಸೈನು, ನಡುವೆ ನಾನು, ಒಂದು ಬ್ರೌಸರಲ್ಲಿ ನೆಟ್ಟಗೆ ನಿಂತ ಮೆನು ಇನ್ನೊಂದರಲ್ಲಿ ಪೂರಾ ಕೆಳಗೆ ಜಾರಿ ಕೂರುತ್ತೆ, ಅದನ್ನೆತ್ತಿದರೆ ಫೋಟೋ ಜಾರುತ್ತೆ, ಫೋಟೋ ಎತ್ತೋ ಹೊತ್ತಿಗೆ ಕರೆಂಟು ಹೋಗುತ್ತೆ, ಕರೆಂಟು ಬಂದರೆ ನೆಟ್ಟು ಇಲ್ಲ, ನೆಟ್ಟು ಬಂದರೆ ಯಾರದೋ ಮಗನ ರಿಸಲ್ಟು ನೋಡಬೇಕು, ಏಳಕ್ಕ ಐದು ನಿಮಿಷ. ಕೊನೆಗೂ ಆಯ್ತು. ಬಿಳೀ ಪೇಜು, ಎಡಕ್ಕೆ ನನ್ನ ಹೆಸರು, ಮೇಘ ವಿ., ಕೆಳಗೆ ಚಿಕ್ಕದಾಗಿ ನನ್ನ ಫೋಟೋ, ಬಲಕ್ಕೆ ಮೂರು ಸ್ಯಾಂಪಲ್ಲು, ಒಂದು ಸ್ಕೂಲಿಗೆ, ಒಂದು ಅರಿಶಿನ ಮಂಡಿಗೆ, ಒಂದು ಇದೇ ಥರದ ಟೀ ಅಂಗಡಿಗೆ, ಸುತ್ತ ಖಾಲಿ ಜಾಗ, ಎಷ್ಟು ಖಾಲಿ ಜಾಗ, ಆ ಖಾಲಿಯನ್ನ ಉಳಿಸೋಕೆ ನಾನು ಪಟ್ಟ ಪಾಡು ನನಗೇ ಗೊತ್ತು. ನೆನ್ನೆ ಸಂಜೆ ಏರಿಸೋಣ ಅಂತ ಕೂತೆ, ಕರೆಂಟು ಹೋಯ್ತು, ಹೋದದ್ದು ಹೋಯ್ತು, ನಟರಾಜ ಅಂದ, ನೀವು ಓಗಿ ಅಕ್ಕ, ಬೆಳಿಗ್ಗೆ ಅಂಗ್ಡಿ ತೆಗದೇಟ್ಗೆ ನಾನೇ ಏರಿಸ್ಬುಡ್ತೀನಿ, ಪಾಸ್‌ವರ್ಡ್ ಬರಕೊಟ್ಟು ಬುಡಿ. ಕೊಟ್ಟೆ. ಮನೆ ಬೀಗದ ಕೈ ಕೊಟ್ಟ ಹಾಗೆ ಕೊಟ್ಟು ಬಂದೆ.

ಅಕ್ಕಾ, ಅಲ್ಲಿ ನಿಂತ್ಕಳಿ, ನೀರಿನ ಡ್ರಮ್ ತಾವ, ಅಲ್ಲಿ ಮಾತ್ರ ಟವರ್ ಸಿಕ್ತದ, ಟೀ ಅಂಗಡಿಯವನು ಹೇಳಿದ ಹಾಗೆ ಡ್ರಮ್ಮಿಗೆ ಒರಗಿ ನಿಂತೆ, ಎರಡು ಗೆರೆ ಬಂತು, ಬಂದ ಕೂಡಲೇ ನಟರಾಜನದೇ ಫೋನು, ಎಷ್ಟೊತ್ತಿಂದ ಮಾಡ್ತಾವ್ನಿ ಅಕ್ಕ, ಎಲ್ಲೋಗಿದ್ರಿ, ಪೇಜು ಏರಿಸ್ಬುಟ್ಟೆ, ಸಕತ್ತಾಗದ. ಸದ್ಯ. ಸದ್ಯ ಕಣಪ್ಪ ನಟರಾಜ, ನೀನು ನೂರು ವರ್ಷ ಬಾಳು ಅಂತ ಹೇಳೋ ಅಷ್ಟರಲ್ಲಿ ಅವನೇ, ಮನೆಯಿಂದ ಫೋಟೋ ಬಂದೊ ಅಕ್ಕ, ಎಲ್ಲಾನೂ ಸ್ಕ್ಯಾನ್ ಮಾಡಿ ಹಾಕಿವ್ನಿ. ಯಾವ ಫೋಟೋ. ಅದೇ ಅಕ್ಕ, ದೊಡ್ಡಪ್ಪನವ್ರದು, ಚಿಕ್ಕಪ್ಪನವ್ರದು, ಸೋದರಮಾವ ಕೆಂಪಯ್ಯನವ್ರದು, ಮಧು ಅಣ್ಣಂದು, ತೀರ್ಕಂಡ ನಿಮ್ಮ ತಾತ, ನಿಮ್ಮಪ್ಪ, ಆರು ರೌಂಡು ಮಾಡಿವ್ನಿ, ಸುತ್ತ ಚಿನ್ನದ ಬಾರ್ಡ್ರು, ನಡುವೆ ನೀವು ದೊಡ್ಡದಾಗಿ, ಏಳು ಮುಖ, ತಾತಗೂ ನಿಮ್ಮಪ್ಪಗೂ ಮುಂದ ದೀಪ ಹಾಕಿವ್ನಿ, ಉರೀತದ ಅಕ್ಕ, ನಿಜವಾಗ್ಲೂ ಉರಿಯಂಗದ. ನನ್ನ ಖಾಲಿ ಜಾಗ. ನಾನು ಕೇಳಿದ್ದು ಅದೊಂದೇ, ನಟರಾಜ, ಖಾಲಿ ಜಾಗ ಇತ್ತಲ್ಲ ಏನು ಮಾಡಿದೆ ಅಂತ, ಅವನಿಗೆ ಖುಷಿ, ಅದ್ನೇ ಅಲ್ವ ಅಕ್ಕ ನಾನೇಳಾದು, ಬೇಜಾನ್ ಜಾಗ ಸುಮ್ನ ಬುಟ್ಟಿದ್ರಿ, ಪೂರಾ ರೋಜಾ ಹೂ ತುಂಬ್ಸಿವ್ನಿ, ಪೇಜು ತೆಗ್ದ ತಕ್ಷಣ ನಾದಸ್ವರ ಬತ್ತದ. ತೆಗಿ ಅಂದೆ. ಈಗಲೇ ತೆಗಿ, ಅವರು ಮಧ್ಯಾಹ್ನದೊಳಗೆ ನೋಡ್ತಾರೆ, ನಟರಾಜ, ತೆಗಿ — ಯಾರೋ ಡ್ರಮ್ಮಿಂದ ನೀರು ಮೊಗೆಯೋಕೆ ಬಂದ, ಸ್ವಲ್ಪ ಜರುಗಮ್ಮ ಅಂದ, ಜರುಗಿದೆ, ಎರಡು ಗೆರೆಯೂ ಹೋಯ್ತು.

ದೊಡ್ಡಪ್ಪ. ಇದು ದೊಡ್ಡಪ್ಪನದೇ ಕೆಲಸ, ಇನ್ನಾರದು, ನೆನ್ನೆ ರಾತ್ರಿ ಊಟಕ್ಕೆ ಮುಂಚೆ ಪೇಜಿನ ಪ್ರಿಂಟು ತೋರಿಸಿದ್ದೇ ತಪ್ಪಾಯ್ತು, ಕನ್ನಡಕ ಹಾಕೊಂಡು ನೋಡಿದ, ತೆಗೆದು ನೋಡಿದ, ಚಿಕ್ಕಪ್ಪನ ಕೈಗೆ ಕೊಟ್ಟ, ಇದೇನವ್ವ ಇದು, ಎಣ್ಮಗಳ ಮುಕ ಒಂಟಿಯಾಗದ, ಇಂದ ಮುಂದ ಯಾರೂ ಇಲ್ಲದೋಳಂಗ, ನೋಡ್ದೋರು ಏನಂದ್ಕಂಡರು, ಚಿಕ್ಕಪ್ಪ ಪ್ರಿಂಟನ್ನ ತಿರುಗಿಸಿ ಹಿಂದೆಯೂ ಒಂದು ಸಲ ನೋಡಿದ, ಅಲ್ಲೇನಾದ್ರೂ ಅವನಿದಾನೇನೋ ಅಂತ. ದೊಡ್ಡಪ್ಪ ಪುಟ್ಟಬಸಪ್ಪ ಅಂದರೆ ಮನೇಲಿ ಎದುರಾಡೋರಿಲ್ಲ, ಅಪ್ಪ ಹೋದಾಗಿಂದ ನಾವು ಅವನ ನೆರಳಲ್ಲೇ ಇರೋದು, ಈ ಸಲ ಆಗದಿದ್ರ ಸಾಕು, ನನ್ನ ಗೊಬ್ಬರದಂಗ್ಡೀಲಿ ಬಿಲ್ಲು ಬರಕಂಡು ಕೂತ್ಕ, ಬರಾ ವರ್ಷ ಗಂಡು ನೋಡಾವ ಅಂದು ಆಗಿದೆ, ಅಂದರೆ ಆಯ್ತು ಅಷ್ಟೇ. ಫೋಟೋ ವಿಷಯ ಅಂತೂ ಕೇಳಲೇಬೇಡಿ. ನಮ್ಮ ಕಡೆ ಒಬ್ಬರ ಮುಖ ಮೇಲೇರಿದರೆ ಎಲ್ಲರ ಮುಖವೂ ಏರಬೇಕು, ಹಿರಿಯರದು ಮೇಲೆ, ಕಿರಿಯರದು ಕೆಳಗೆ, ತೂಕ ಮಾಡಿ ಇಟ್ಟ ಹಾಗೆ ಇಡಬೇಕು, ದೊಡ್ಡಪ್ಪನ ಮಗ ಮಧುಕುಮಾರಣ್ಣನ ಮದುವೆಗೆ ತಾಳವಾಡಿ ಬಸ್‌ಸ್ಟ್ಯಾಂಡಲ್ಲಿ ಕಟ್ಟಿದ ಫ್ಲೆಕ್ಸು, ಅದರಲ್ಲಿ ಚಿಕ್ಕಪ್ಪ ರುದ್ರಸ್ವಾಮಿ ಎರಡನೇ ಸಾಲಿಗೆ ಬಿದ್ದುಬಿಟ್ಟಿದ್ದ, ಸೋದರಮಾವನ ಪಕ್ಕ, ಅದೂ ಒಂಚೂರು ಸಣ್ಣಗೆ, ಮಾರನೇ ದಿನ ಕುಡುಗೋಲು ತಗೊಂಡು ಏಣಿ ಹಾಕಿ ತನ್ನ ಮುಖವನ್ನ ತಾನೇ ರೌಂಡಾಗಿ ಕುಯ್ಕೊಂಡು ಮನೆಗೆ ಹೋದ, ನನ್ ಮುಕ ನನ್ಗಿರ್ಲಿ ಬುಡಿ ಅಂತ, ಮದುವೆ ಮುಗಿಯೋವರೆಗೂ ಆ ತೂತಲ್ಲಿ ಆಕಾಶ ಕಾಣ್ತಿತ್ತು. ಆ ಮುಖ ಈಗಲೂ ಅವನ ಬೀರುವಿನಲ್ಲಿದೆ. ಅದನ್ನೇ ಸ್ಕ್ಯಾನ್ ಮಾಡಿರಬೇಕು. ಕೊಯಮತ್ತೂರಿನ ಏಸಿ ರೂಮಲ್ಲಿ ಆ ಸರ್ರು ಕೂತು ನನ್ನ ಪೇಜು ತೆಗೀತಾರೆ, ಪೀಪೀ ಅಂತ ನಾದಸ್ವರ, ರೋಜಾ ಹೂವು, ಕುಡುಗೋಲಲ್ಲಿ ಕುಯ್ದ ಚಿಕ್ಕಪ್ಪ, ಉರಿಯೋ ದೀಪ, ಪಕ್ಕದ ಟೇಬಲ್ಲಿನವರನ್ನೂ ಕರೀತಾರೆ, ಬನ್ನಿ ನೋಡಿ ಇಲ್ಲಿ ಅಂತ. ಬಾಗಿಲಲ್ಲೂ ಹೇಳಬೇಕಾಗಿಲ್ಲ, ನನ್ನ ಮುಖ ಕಂಡರೆ ಸಾಕು, ನಗ್ತಾರೆ.

ಕೆಳಗಿಂದ ಹಾರನ್ನು, ಮೇಲಿಂದ ಹಾರನ್ನು, ಲಾರಿ ಅಲ್ಲಾಡಿಲ್ಲ, ಕಬ್ಬನ್ನೆಲ್ಲ ಇಳಿಸ್ತಿದಾರಂತೆ. ಡ್ರಮ್ಮನ್ನ ಈಗ ನಾನು ಅಪ್ಪಿಕೊಂಡೇ ನಿಂತಿದೀನಿ, ಯಾರು ಬಂದರೂ ಜರುಗೋದಿಲ್ಲ, ನೀರು ಬೇಕಾದರೆ ಆ ಕಡೆಯಿಂದ ಮೊಗೆದುಕೊಳ್ಳಲಿ, ಫೋನ್ ಮಾಡಿದೆ, ಮಾಡಿದೆ, ಸಿಕ್ಕಿತು, ನಟರಾಜ, ಆ ದೊಡ್ಡಪ್ಪ ಅಲ್ಲೇ ಕೂತಿದಾನಾ. ದೊಡ್ಡಪ್ಪ ಎಲ್ ಬಂದ್ರಕ್ಕ, ಅವ್ರು ಬಂದೇ ಇಲ್ಲ. ಮತ್ತೆ ಫೋಟೋ ಯಾರು ತಂದರು. ನಿಮ್ಮವ್ವ ಕಣಕ್ಕ, ನಾನು ಶೆಟರ್ ಎತ್ತೋಕ್ ಮುಂಚೆ ಬಂದು ಕೂತಿದ್ರು ಮೆಟ್ಲು ಮ್ಯಾಲ, ಗೋಡೆ ಮ್ಯಾಲಿಂದ ಕಟ್ಟು ಸಮೇತ ಇಳಿಸ್ಕಂಡು, ಗೊಬ್ಬರದ ಚೀಲದಾಗ ಹಾಕಂಡು ಒತ್ಕ ಬಂದವ್ರೆ ಪಾಪ. ಅವ್ವನಾ. ಅವ್ವನೇ ಅಕ್ಕ, ಇವ್ರೆಲ್ಲಾರ್ನೂ ಹಾಕು ಕಣಪ್ಪ, ಒಬ್ಬರ್ನೂ ಬುಡ್ಬ್ಯಾಡ, ಬುಟ್ರ ಅವಳ ಮ್ಯಾಲ ಮುನಿಸ್ಕತಾರ, ನಾಳಕ ಅವಳು ಕೆಲಸಕ್ಕ ಓಗ್ತಿನಿ ಅಂದ್ರ ಕಳಿಸಾರು ಇವ್ರೇ ತಾನೆ ಅಂದ್ರು, ಸಾಯಂಕಾಲ ದೊಡ್ಡಪ್ಪನವ್ರ ಕರ್ಕ ಬತ್ತೀನಿ, ದೊಡ್ಡದಾಗಿ ತೋರ್ಸು ಅಂದವ್ರೆ, ನಾನೀಗ ತೆಗ್ದುಬುಟ್ರೆ ಅವ್ರು ಬಂದಾಗ ಏನ್ ತೋರ್ಸಾದು ನೀವೇ ಏಳಿ. ದೊಡ್ಡಪ್ಪನ ಮೇಲೆ ಎತ್ತಿಕೊಂಡಿದ್ದ ಕೋಪಕ್ಕೆ ಈಗ ಇಳಿಸೋ ಜಾಗವೇ ಇಲ್ಲ, ಈ ಅವ್ವ, ಈ ಅವ್ವನಿಗೆ ಯಾರು ಹೇಳಿದ್ದು, ಕೇಳಬಾರದಾ ನನ್ನ, ಆರು ತಿಂಗಳು ದಿನಾ ಅವಳ ಕಣ್ಣೆದುರೇ ಹೋಗಿ ಬಂದು ಮಾಡಿದ್ದು ಇದನ್ನ, ಒಂದು ಮಾತು. ಎಲ್ಲಾರದೂ ತಂದಳಲ್ಲ, ಅವಳದು, ಅವಳದು ಯಾವ ರೌಂಡಲ್ಲಿದೆ. ಅವ್ರದು ಇಲ್ಲಕ್ಕ. ಯಾಕೆ. ನಾನೂ ಕೇಳ್ದೆ ಕಣಕ್ಕ, ನಿಮ್ದೊಂದು ಕೊಡವ್ವ, ಏಳು ರೌಂಡು ಮಾಡ್ಬುಡ್ತೀನಿ ಸುತ್ತಲೂ ಅಂತ, ಕೂಸು ಒಳ್ಳೆ ಕೆಲಸಕ್ಕ ಒಂಟದ, ಮುಂದಾಗಿ ನನ್ನ ಮುಕ ಯಾಕಪ್ಪ ಅಂದ್ರು.

ಯಾಕಪ್ಪ ಅಂದಳಂತೆ. ಮಧು ಅಣ್ಣನ ಫ್ಲೆಕ್ಸಲ್ಲಿ ದೊಡ್ಡವ್ವ ಇದ್ದಳು, ಚಿಕ್ಕಮ್ಮ ಇದ್ದಳು, ಚಿಕ್ಕಮ್ಮನ ತಂಗಿ ಕೂಡ ಇದ್ದಳು ಹಣೆ ತುಂಬ ಕುಂಕುಮ ಇಟ್ಕೊಂಡು, ಅವ್ವ ಇರಲಿಲ್ಲ, ಯಾರೂ ಮರೆತದ್ದಲ್ಲ ಅದು, ಮರೆತಿದ್ದರೆ ಚಿಕ್ಕಪ್ಪನ ಹಾಗೆ ಜಗಳ ಆಡಬಹುದಿತ್ತು, ಆ ಮದುವೇಲಿ ಅವ್ವ ಎಲ್ಲಿದ್ದಳು, ಹಿತ್ತಲಲ್ಲಿ ಒಲೆ ಮುಂದೆ ಇದ್ದಳು, ಧಾರೆ ಹೊತ್ತಿಗೆ ನಾನು ಹೋಗಿ ಬಾರವ್ವ ಅಂದರೆ ಓಗು ಓಗು ಹೊಗೆ ಅಂದಳು. ಇವತ್ತು ಬೆಳಿಗ್ಗೆಯೂ ಅಷ್ಟೇ, ದೊಡ್ಡಪ್ಪ ಎಲ್ಲ ಕಟ್ಟುನಿಟ್ಟಾಗಿ ಏರ್ಪಾಡು ಮಾಡಿಸಿದ್ದ, ಬೀದಿ ತಿರುವಲ್ಲಿ ಚಿಕ್ಕಮ್ಮ ತುಂಬಿದ ಕೊಡ ಹೊತ್ತು ಎದುರು ಬಂದಳು, ತಾನಾಗೇ ಬಂದ ಹಾಗೆ, ಪಾಪ ಆಗಿಂದ ಕಾಯ್ತಿದ್ದಳು ಅಲ್ಲಿ, ಕೊಡದಿಂದ ನೀರು ತುಳುಕ್ತಿತ್ತು, ಅದು ಒಳ್ಳೇ ಶಕುನ. ಕೆಟ್ಟ ಶಕುನ ಬಾಗಿಲ ಹಿಂದೆ ಇತ್ತು. ನನ್ನ ಹೆತ್ತವಳು, ಅಪ್ಪ ಇಲ್ಲ ಅನ್ನೋದೊಂದೇ ಅವಳ ತಪ್ಪು, ನಾನು ಗೆಲ್ಲಲಿ ಅಂತ ತನ್ನ ಮುಖವನ್ನ ತಾನೇ ಹಿಂದಕ್ಕೆಳಕೊಂಡು ಕತ್ತಲಲ್ಲಿ ನಿಂತು ಬರೀ ಕೈ ಚಾಚಿದಳು, ಬಳೆ ಇಲ್ಲದ ಕೈ, ಉಗುರೆಲ್ಲ ಹಳದಿ, ಕಣದಲ್ಲಿ ಅರಿಶಿನ ಬೇಯಿಸಿ ಬೇಯಿಸಿ ಹತ್ತಿದ್ದು, ಅರಿಶಿನ ಹಚ್ಕೋಬೇಡ ಅಂದೋರು ಅರಿಶಿನ ಬೇಯಿಸಬೇಡ ಅನ್ನಲಿಲ್ಲ. ನನಗೆ ರೋಸಿ ಹೋಗಿದೆ. ಇವರ ಕೊಡ, ಇವರ ರೌಂಡು, ಇವರ ಚಿನ್ನದ ಬಾರ್ಡರ್, ಮತ್ತೆ ಅವ್ವ, ಅವ್ವನೂ ಸೇರಿದ ಹಾಗೆ, ಯಾಕೆ ಒಪ್ಪಿಕೊಂಡೆ ಅವ್ವ ನೀನು, ಯಾಕೆ ಹೊತ್ತುಕೊಂಡು ಹೋದೆ ಆ ಗಂಡಸರನ್ನೆಲ್ಲ ಚೀಲದಲ್ಲಿ, ಭಾರ ಇರಲಿಲ್ಲವಾ ಆ ಕಟ್ಟುಗಳು. ಈ ಟೀ ಅಂಗಡಿಯವನು ನನ್ನೇ ನೋಡ್ತಿದಾನೆ, ಟೀ ಬೇಕಾ ಅಕ್ಕ ಅಂತಾನೆ, ಬೇಡ ಅಂದರೂ ಕೊಟ್ಟ, ಕುಡಿದೆ.

ಕೇಳು ನಟರಾಜ, ಅಂದೆ, ಸರಿಯಾಗಿ ಕೇಳು, ನೀನು ಮಾಡಿದ ಪೇಜು ನಿನ್ನ ಕಂಪ್ಯೂಟರಲ್ಲೇ ಇರಲಿ, ದೊಡ್ಡಪ್ಪ ಬಂದರೆ ಅದನ್ನ ತೋರಿಸು, ನಾದಸ್ವರ ಹಾಕಿ ಜೋರಾಗಿ ತೋರಿಸು, ನೆಟ್ಟಿನ ಮೇಲೆ ಮಾತ್ರ ನನ್ನ ಹಳೇದನ್ನ ಏರಿಸು, ಮೇಘ ಅಂತ ಫೋಲ್ಡರ್ ಇದೆಯಲ್ಲ ಅದನ್ನ. ಅಂಗಾದ್ರ ಮನೆಯೋರ್ಗೊಂದು ಪೇಜು ಊರ್ಗೊಂದು ಪೇಜು ಅನ್ನಿ. ಹಾಗೇ ಅಂತಿಟ್ಟುಕೊ. ನನ್ನ ರೋಜಾ ಚೆನ್ನಾಗಿತ್ತಕ್ಕ. ಚೆನ್ನಾಗೇ ಇತ್ತು ನಟರಾಜ, ಏರಿಸು. ಆಮೇಲೆ ಕರೆಂಟು ಹೋಯ್ತು, ಹೋಗದೆ ಇರುತ್ತಾ, ಯುಪಿಎಸ್ಸು ಕೂಗೋದು ಇಲ್ಲಿಗೆ ಕೇಳಿಸ್ತಿದೆ, ಕೀ ಕೀ ಅಂತ, ಅದು ಸಾಯೋದರೊಳಗೆ ಏರಬೇಕು, ಎಷ್ಟಾಯ್ತು, ಅರ್ಧ ಆಯ್ತಕ್ಕ, ಎಷ್ಟಾಯ್ತು, ನಿಮ್ಮ ಫೋಟೋ ಓಯ್ತಾ ಅದ, ಬಸ್ಸಿನವನು ಹಾರನ್ ಹೊಡೀತಿದಾನೆ, ವಾಂಗ ವಾಂಗ ಕ್ಲಿಯರ್ ಆಯಿಡುಚ್ಚು, ಲಾರಿ ಸರಿದಿದೆಯಂತೆ, ಜನ ಗ್ಲಾಸು ಬಿಟ್ಟು ಓಡ್ತಿದಾರೆ, ನಾನು ಡ್ರಮ್ಮು ಬಿಟ್ಟರೆ ಟವರ್ ಹೋಗುತ್ತೆ, ಬಿಡದಿದ್ದರೆ ಬಸ್ಸು ಹೋಗುತ್ತೆ, ಅಜ್ಜಿ ಕಿಟಕಿಯಿಂದ ಕೂಗ್ತಿದೆ, ಬಾರ ಕೂಸು, ಬುಟ್ಟೋಯ್ತನ — ಆಯ್ತಕ್ಕ, ಅಂದ ನಟರಾಜ, ಏರ್ತು, ನೋಡ್ತಾವ್ನಿ, ಬರೀ ಬಿಳೀದು, ನಿಮ್ಮ ಮುಖ ಒಂದೇ ಅದ, ಮೊದ್ಲಂಗೇ ಅದ. ಗೆದ್ದೆ. ಇದೇ ತಾನೆ ನಾನು ಕೇಳಿದ್ದು. ಇಡ್ತೀನಿ ಅಂದೆ. ಒಂದ್ನಿಮಿಷ ಅಕ್ಕ, ಯುಪಿಎಸ್ ಓದ್ರ ಓಗ್ಲಿ, ನಿಮ್ಮವ್ವ ಒಂದು ಮಾತು ಕೇಳಿದ್ರು, ಅದ ಏಳಬ್ಯಾಡ ಅಂದಿದ್ರು, ಏಳ್ತಾವ್ನಿ. ಏನು ಕೇಳಿದರು. ಅವಳೇ ಮಾಡಿದ್ದಳಲ್ಲ ಮೊದ್ಲು, ಆ ಪೇಜಾಗ ನಾನಿದ್ದನಾ ಅಂದ್ರು. ಇಲ್ಲವ್ವ ಅಂದೆ. ಅಂಗಾದ್ರ ಸರಿ ಬುಡು ಅಂದ್ರು. ಆಮ್ಯಾಲ ನಿಮ್ಮ ಫೋಟೋ ಮ್ಯಾಲ ಕೈಯಾಡಿಸಿ ನೆಟಿಗೆ ಮುರಿದ್ರು ಅಕ್ಕ, ದೃಷ್ಟಿ ಆದದು ಅಂತ, ಕಂಪ್ಯೂಟರ್ ಗಾಜಿನ್ ಮ್ಯಾಲೆಲ್ಲ ಅರಿಶಿನ, ಒರಸ್ದೆ, ಓಗ್ಲೇ ಇಲ್ಲ.

ಬಸ್ಸು ಇಳೀತಿದೆ, ಮೊದಲನೇ ತಿರುವು, ಅಜ್ಜಿ ನನ್ನ ಭುಜಕ್ಕೆ ಬಿತ್ತು, ಎದ್ದಿತು, ಪೇಜು ಸರಿಯಾಯ್ತು, ಸರ್ರು ನೋಡ್ತಾರೆ, ಬಿಳೀ ಪೇಜು, ಖಾಲಿ ಜಾಗ, ಒಳಗೆ ಕರೀತಾರೆ, ಕರೆದೇ ಕರೀತಾರೆ, ಕೇಳ್ತಾರೆ, ಇಷ್ಟು ಖಾಲಿ ಯಾಕೆ ಬಿಟ್ಟಿದೀಯಮ್ಮ ಅಂತ, ಕಣ್ಣಿಗೆ ಬಿಡುವು ಸಿಗಲಿ ಅಂತ ಸರ್ ಅಂತೀನಿ, ಉತ್ತರ ರೆಡಿ ಮಾಡಿಟ್ಟಿದೀನಿ. ನಾನಿದ್ದನಾ. ಇಲ್ಲವ್ವ. ಇನ್ನೊಂದು ತಿರುವು, ರೋಡಿಗೆಲ್ಲ ಕಬ್ಬಿನ ಸಿಪ್ಪೆ, ಸಾಯಂಕಾಲ ಫೋನ್ ಮಾಡಿ ಹೇಳಬೇಕು, ಏನು ಹೇಳೋದು, ಒಂದು ಒಳ್ಳೇ ಫೋಟೋ ತೆಗೆಸವ್ವ ಅನ್ನಬೇಕು, ಅವ್ವನ ಫೋಟೋ ಯಾವುದಿದೆ ಮನೇಲಿ, ರೇಷನ್ ಕಾರ್ಡಿಂದು ಬಿಟ್ಟರೆ, ಇಲ್ಲ, ಬೇಡ, ಕಣ್ಣು ಮುಚ್ಚಿದರೆ ಸಾಕು ಮುಖ ಕಾಣುತ್ತಲ್ಲ, ಇವತ್ತು ಬೆಳಿಗ್ಗೆಯ ಮುಖ, ಎದ್ದಿದ್ದಳು, ನೀರು ಕಾಯಿಸಿದ್ದಳು, ಬುತ್ತಿ ಕಟ್ಟಿದ್ದಳು, ಯಾವ ಸೀರೆ ಉಟ್ಟಿದ್ದಳು, ಅತ್ತಿದ್ದಳಾ, ನಗ್ತಿದ್ದಳಾ, ಮುಚ್ಚಿದೆ ಕಣ್ಣು, ಇನ್ನೊಂದು ತಿರುವು, ದೊಡ್ಡಪ್ಪ ಬರ್ತಾನೆ, ಚಿಕ್ಕಮ್ಮನ ಕೊಡ ಬರುತ್ತೆ, ತುಳುಕಿದ ನೀರು ಬರುತ್ತೆ, ಅವ್ವ ಬರಲ್ಲ, ಬಾಗಿಲು ಬರುತ್ತೆ, ಬಾಗಿಲ ಸಂದಿ, ಸಂದಿಯಿಂದ ಕೈ, ಮೊಣಕೈವರೆಗೆ, ಬಳೆ ಇಲ್ಲದ ಮಣಿಕಟ್ಟು, ಹಳದಿ ಉಗುರು, ಅದರಾಚೆ ಕತ್ತಲು, ಮತ್ತೆ ಮುಚ್ಚಿದೆ, ಮತ್ತೆ ಕೈ, ಗಂಟು ಹಿಡಕೊಂಡ ಕೈ, ನಾನು ಗಂಟು ತಗೊಂಡ ಮೇಲೂ ಒಳಗೆ ಹೋಗಿರಲಿಲ್ಲ ಅದು, ಹಾಗೇ ಚಾಚಿಕೊಂಡಿತ್ತು, ಆ ಕೈ.